ರತ್ನಗಂಬಳಿ ತೊಳೆಯುವ ಕಸುಬು: ಸಾಲಕ್ಕೆ ಸಹಿ ಹಾಕುವ ಮುನ್ನ ಯಂತ್ರವನ್ನು ಅರಿಯೋಣ

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೊಸೂರು ಭಾಗದ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವನು. ಆರು ವರ್ಷಗಳಿಂದ ಪ್ರತಿದಿನ ಅತ್ತಿಬೆಲೆಯ ಗಡಿ ದಾಟಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಸೋಫಾ ಮತ್ತು ಕಾರ್ಪೆಟ್ ತೊಳೆಯುವ ಕೆಲಸ ಮಾಡುತ್ತಿದ್ದಾನೆ. ಈಗ ಸ್ವಂತವಾಗಿ ಆ ಕಸುಬನ್ನು ಆರಂಭಿಸುವ ಆಸೆ ಅವನಿಗೆ. ಕೈಯಲ್ಲಿ ಮೂರು ಲಕ್ಷ ರೂಪಾಯಿಯ ಯಂತ್ರವೊಂದರ ಕೊಟೇಶನ್ ಇತ್ತು.

"ಸಾರ್, ಎಲ್ಲಾ ಇಂಗ್ಲಿಷಿನಲ್ಲೇ ಇದೆ. ಸೈನ್ ಹಾಕೋ ಮುಂಚೆ ನೀವೊಂದು ಸಲ ನೋಡಿ ಹೇಳಿ. ಅಮ್ಮನ ಒಡವೆ ಅಡ ಇಡಬೇಕಾಗುತ್ತೆ" ಎಂದ.

ನಾನು ಕಾರ್ಪೆಟ್ ತೊಳೆಯುವವನಲ್ಲ, ವಿಜ್ಞಾನ ಪಾಠ ಮಾಡುವ ಶಿಕ್ಷಕ. ಆದರೆ ಆ ಕಾಗದದಲ್ಲಿದ್ದ ಒತ್ತಡ, ವೋಲ್ಟೇಜು, ಆಮ್ಲ, ಕ್ಷಾರ ಎಲ್ಲವೂ ನಮ್ಮ ಎಂಟು, ಒಂಬತ್ತನೆಯ ತರಗತಿಯ ಪಾಠಗಳೇ. ಅಂದು ಇಬ್ಬರೂ ಕುಳಿತು ಸಾಲು ಸಾಲಾಗಿ ಬಿಡಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನಿಂದ ಮಂಗಳೂರಿಗೆ, ತಾಳವಾಡಿಯಿಂದ ಚಾಮರಾಜನಗರಕ್ಕೆ, ಹೊಸೂರಿನಿಂದ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಇತರ ಮಕ್ಕಳಿಗೂ ಇದು ಉಪಯೋಗವಾದೀತೆಂಬುದು ನನ್ನ ನಂಬಿಕೆ.

ಮೊದಲ ಪ್ರಶ್ನೆ: ತೊಳೆಯುವುದು ಏನನ್ನು?

ಈ ವಿಷಯದ ಕುರಿತು ದೊರೆಯುವ ಬಹುಪಾಲು ಇಂಗ್ಲಿಷ್ ಬರಹಗಳು ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. ಅಲ್ಲಿ ಅನೇಕ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ನೆಲಕ್ಕೆ ಅಂಟಿಸಿದ ಕಾರ್ಪೆಟ್ ಇರುತ್ತದೆ. ಅದನ್ನು ತೊಳೆಯಲು ವ್ಯಾನಿನೊಳಗೆ ಎಂಜಿನ್, ಹೀಟರ್, ದೊಡ್ಡ ಟ್ಯಾಂಕು ಕೂರಿಸಿ, ಅಲ್ಲಿಂದ ಮನೆಯೊಳಕ್ಕೆ ಉದ್ದದ ಪೈಪು ಎಳೆಯುವ 'ಟ್ರಕ್ ಮೌಂಟ್' ಯಂತ್ರಗಳಿವೆ. ನಮ್ಮ ಮನೆಗಳ ನೆಲ ಗ್ರಾನೈಟ್ ಅಥವಾ ಟೈಲ್ಸ್. ಅದರ ಮೇಲೆ ಹಾಸಿದ ಒಂದೆರಡು ರತ್ನಗಂಬಳಿ, ಬಟ್ಟೆಯ ಸೋಫಾ, ಹಾಸಿಗೆ, ಊಟದ ಮೇಜಿನ ಕುರ್ಚಿ, ಕಾರಿನ ಸೀಟು: ಇವೇ ನಮ್ಮ ಕೆಲಸದ ವಸ್ತುಗಳು. ಮನೆ ಹನ್ನೆರಡನೆಯ ಮಹಡಿಯಲ್ಲಿದ್ದರೆ ಕೆಳಗಿನ ವ್ಯಾನಿನಿಂದ ಪೈಪು ಎಳೆಯುವ ಮಾತೇ ಬರುವುದಿಲ್ಲ. ಆದ್ದರಿಂದ ಕೈಯಲ್ಲಿ ಎತ್ತಿ ಲಿಫ್ಟಿನಲ್ಲಿ ಒಯ್ಯಬಹುದಾದ ಯಂತ್ರವೇ ನಮಗೆ ಸೂಕ್ತ.

ಎರಡನೆಯದಾಗಿ, ನೂಲನ್ನು ಗುರುತಿಸದೆ ಯಂತ್ರವನ್ನು ಆರಿಸಲಾಗದು. ಭದೋಹಿ, ಮಿರ್ಜಾಪುರಗಳಿಂದ ಬರುವ ಕೈನೇಯ್ಗೆಯ ಕಾರ್ಪೆಟ್ಟುಗಳಲ್ಲಿ ಉಣ್ಣೆಯವು ಹೆಚ್ಚು. ಕಾಶ್ಮೀರದ್ದರಲ್ಲಿ ರೇಷ್ಮೆಯೂ ಇರುತ್ತದೆ. ನವಲಗುಂದದ ಜಮಖಾನೆ ಹತ್ತಿಯದು. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಯಂತ್ರನೇಯ್ಗೆಯವುಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್. 'ಆರ್ಟ್ ಸಿಲ್ಕ್', 'ಬ್ಯಾಂಬೂ ಸಿಲ್ಕ್' ಎಂಬ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ವಿಸ್ಕೋಸ್. ಇದು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಒಣಗಿದ ಮೇಲೆ ಹಳದಿಯಾಗಿ ಗಡುಸಾಗುತ್ತದೆ.

ನನ್ನ ವಿದ್ಯಾರ್ಥಿ ಇದನ್ನು ಕಲಿತದ್ದು ನಷ್ಟದಿಂದ. ಮೊದಲ ವರ್ಷ ಹೊಳೆಯುವ ಕಾರ್ಪೆಟ್ಟೊಂದಕ್ಕೆ ಮೇಲ್ವಿಚಾರಕ ಹೇಳಿದಂತೆಯೇ ಗಾಢವಾದ ಶಾಂಪೂ ಹಾಕಿ, ತಿರುಗುವ ಬ್ರಷ್ಷಿನಿಂದ ಉಜ್ಜಿದ್ದನಂತೆ. ಮರುದಿನ ಅದು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಬೆಲೆಯನ್ನು ನಾಲ್ಕು ತಿಂಗಳು ಅವನ ಸಂಬಳದಲ್ಲಿ ಮುರಿದುಕೊಂಡರು. ಅದು ವಿಸ್ಕೋಸ್ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನೂಲನ್ನು ಗುರುತಿಸಲು ಶಾಲೆಯ ಪ್ರಯೋಗವೇ ಸಾಕು. ಕಾರ್ಪೆಟ್ಟಿನ ಅಂಚಿನಿಂದ ಮನೆಯವರ ಒಪ್ಪಿಗೆ ಪಡೆದು ಒಂದೆರಡು ಎಳೆ ಕತ್ತರಿಸಿಕೊಳ್ಳಬೇಕು. ಸಾಬೂನಿನ ಹನಿ ಬೆರೆಸಿದ ನೀರಿನಲ್ಲಿ ಎಳೆಯನ್ನು ಚೆನ್ನಾಗಿ ಅದ್ದಿ ಬಿಟ್ಟರೆ ಪಾಲಿಪ್ರೊಪಿಲೀನ್ ಮೇಲಕ್ಕೆ ಬಂದು ತೇಲುತ್ತದೆ, ಏಕೆಂದರೆ ಅದರ ಸಾಂದ್ರತೆ ನೀರಿಗಿಂತ ಕಡಿಮೆ. ನೈಲಾನ್, ಪಾಲಿಯೆಸ್ಟರ್, ಉಣ್ಣೆ ಮುಳುಗುತ್ತವೆ. ಎಳೆಯನ್ನು ಮನೆಯ ಹೊರಗೆ ಇಕ್ಕಳದಲ್ಲಿ ಹಿಡಿದು ಸುಟ್ಟರೆ ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಮತ್ತು ವಿಸ್ಕೋಸ್ ಕಾಗದ ಸುಟ್ಟ ವಾಸನೆ ಕೊಡುತ್ತವೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತವೆ. ಬಣ್ಣ ನಿಲ್ಲುವುದೋ ಇಲ್ಲವೋ ಎಂದು ತಿಳಿಯಲು ಬಳಸಲಿರುವ ದ್ರಾವಣದಲ್ಲೇ ಬಿಳಿ ಬಟ್ಟೆಯನ್ನು ಅದ್ದಿ, ಮರೆಯಾದ ಮೂಲೆಯೊಂದರಲ್ಲಿ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಲೇಸು.

ಮೊದಲು ಕೊಳ್ಳಬೇಕಾದದ್ದು ಧೂಳೆಳೆಯುವ ಯಂತ್ರ

ಕಾರ್ಪೆಟ್ಟಿನ ಕೊಳೆಯಲ್ಲಿ ದೊಡ್ಡ ಪಾಲು ಒಣ ಮಣ್ಣು ಮತ್ತು ಮರಳು. ಅದನ್ನು ತೆಗೆಯದೆ ನೀರು ಹಾಕಿದರೆ ಧೂಳು ಕೆಸರಾಗಿ ನೂಲಿನ ಬುಡಕ್ಕೆ ಇಳಿಯುತ್ತದೆ. ಆದ್ದರಿಂದ ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ ಮೊದಲ ಅಗತ್ಯ. ಕುಚ್ಚು ಕತ್ತರಿಸಿದ ಸಾಮಾನ್ಯ ಕಾರ್ಪೆಟ್ಟಿಗೆ ಮೋಟಾರಿನಿಂದ ಉರುಳುವ ಬ್ರಷ್ ಇರುವಂಥದ್ದು ಒಳ್ಳೆಯದು, ಅದು ಬುಡದ ಮಣ್ಣನ್ನು ಬಡಿದು ಎಬ್ಬಿಸುತ್ತದೆ. ರೇಷ್ಮೆ, ವಿಸ್ಕೋಸ್, ಉದ್ದ ಕೂದಲಿನ ಕಾರ್ಪೆಟ್ಟುಗಳಿಗೆ ಬ್ರಷ್ ಇಲ್ಲದ ಮೂತಿಯೇ ಬೇಕು. ಆಸ್ತಮಾ ಇರುವ ಮನೆಗಳಲ್ಲಿ ಕೆಲಸ ಮಾಡುವುದಾದರೆ ಹೆಪಾ ಫಿಲ್ಟರ್ ಇರುವುದನ್ನು ಆರಿಸಬೇಕು. ಸಾಧಾರಣ ಫಿಲ್ಟರಿನಿಂದ ನುಣ್ಣನೆಯ ಧೂಳು ಮತ್ತೆ ಅದೇ ಕೋಣೆಯ ಗಾಳಿಗೆ ಸೇರುತ್ತದೆ.

ನೀರು ಚಿಮ್ಮಿಸಿ ಹೀರುವ ಯಂತ್ರ

ಈ ಕಸುಬಿನ ಮುಖ್ಯ ಉಪಕರಣ ಎಕ್ಸ್‌ಟ್ರಾಕ್ಟರ್. ಇದರಲ್ಲಿ ನಾಲ್ಕು ಭಾಗಗಳಿವೆ: ಶುದ್ಧ ನೀರಿನ ತೊಟ್ಟಿ, ನೀರನ್ನು ಚಿಮ್ಮಿಸುವ ಪಂಪು, ಹೀರುವ ಮೋಟಾರು, ಕೊಳೆನೀರಿನ ತೊಟ್ಟಿ. ಕೈಯಲ್ಲಿ ಹಿಡಿಯುವ ಮೂತಿ ಒಂದೆಡೆ ನೀರನ್ನು ಚಿಮ್ಮಿಸುತ್ತದೆ, ಅದರ ಹಿಂದೆಯೇ ಹೀರಿಕೊಳ್ಳುತ್ತದೆ. ಜನ ಇದನ್ನು 'ಸ್ಟೀಮ್ ಕ್ಲೀನಿಂಗ್' ಎಂದು ಕರೆದರೂ ಇಲ್ಲಿ ಹಬೆಯಿಲ್ಲ, ಇರುವುದು ಬಿಸಿನೀರು. ನಿಜವಾದ ಹಬೆಯ ಯಂತ್ರವೇ ಬೇರೆ. ಅದು ಹಾಲು, ರಕ್ತ, ಮೊಟ್ಟೆಯಂಥ ಪ್ರೋಟೀನಿನ ಕಲೆಗಳನ್ನು ಬೇಯಿಸಿ ಶಾಶ್ವತಗೊಳಿಸಬಲ್ಲದು, ಉಣ್ಣೆಯನ್ನು ಕುಗ್ಗಿಸಬಲ್ಲದು.

ಕೊಟೇಶನ್ನಿನಲ್ಲಿ ಅಂಕಿಗಳು ಒಂದೊಂದು ಕಂಪನಿಯದು ಒಂದೊಂದು ಮಾನದಲ್ಲಿ ಇರುತ್ತವೆ. ಹೋಲಿಸಲು ಈ ಪರಿವರ್ತನೆಗಳನ್ನು ಬರೆದಿಟ್ಟುಕೊಳ್ಳಿ.

ಹೀರುವ ಬಲವನ್ನು 'ವಾಟರ್ ಲಿಫ್ಟ್' ಎಂದು ಇಂಚಿನಲ್ಲೋ, ಮಿಲಿಬಾರ್‌ನಲ್ಲೋ ಹೇಳುತ್ತಾರೆ. 100 ಇಂಚು ಎಂದರೆ ಸುಮಾರು 249 ಮಿಲಿಬಾರ್. ಗಾಳಿಯ ಹರಿವನ್ನು ಸಿಎಫ್‌ಎಂ ಅಥವಾ ಸೆಕೆಂಡಿಗೆ ಲೀಟರ್ ಎನ್ನುತ್ತಾರೆ. 100 ಸಿಎಫ್‌ಎಂ ಎಂದರೆ ಸೆಕೆಂಡಿಗೆ ಸುಮಾರು 47 ಲೀಟರ್. ಪಂಪಿನ ಒತ್ತಡವನ್ನು ಪಿಎಸ್‌ಐ ಅಥವಾ ಬಾರ್‌ನಲ್ಲಿ ಕೊಡುತ್ತಾರೆ. 1 ಬಾರ್ ಎಂದರೆ 14.5 ಪಿಎಸ್‌ಐ.

ಈ ಮೂರರಲ್ಲಿ ಮಾರಾಟಗಾರ ಹೆಚ್ಚು ಹೊಗಳುವುದು ಪಂಪಿನ ಒತ್ತಡವನ್ನು. ನಾವು ಹೆಚ್ಚು ಗಮನಿಸಬೇಕಾದದ್ದು ಹೀರುವ ಸಾಮರ್ಥ್ಯವನ್ನು. ಮನೆಯ ಕೆಲಸದಲ್ಲಿ ಸೋಲು ಬರುವುದು ಸಾಮಾನ್ಯವಾಗಿ ನೀರು ಒಳಗೇ ಉಳಿದಾಗ. ನನ್ನ ವಿದ್ಯಾರ್ಥಿಯ ಕೊಟೇಶನ್ನಿನಲ್ಲಿ 500 ಪಿಎಸ್‌ಐ, ಅಂದರೆ ಸುಮಾರು 34 ಬಾರ್ ಎಂದಿತ್ತು. ಅಷ್ಟು ಒತ್ತಡ ಬೇಕಾಗುವುದು ಟೈಲ್ಸ್ ಸಂದಿಯ ಕೊಳೆಗೆ. ಸೋಫಾದ ಬಟ್ಟೆಯ ಮೇಲೆ ಅದನ್ನು ಪ್ರಯೋಗಿಸಿದರೆ ನೀರು ಸ್ಪಂಜಿನ ಒಳಕ್ಕೆ ನುಗ್ಗುತ್ತದೆ. ಸೋಫಾ ಮತ್ತು ಹಾಸುಗಂಬಳಿಗಳಿಗೆ ಸುಮಾರು 100 ಪಿಎಸ್‌ಐ ಸಾಕು. ಸುಮಾರು 10 ಲೀಟರ್ ತೊಟ್ಟಿಯ ಚಿಕ್ಕ ಯಂತ್ರಗಳು ಇದಕ್ಕಿಂತಲೂ ಬಹಳ ಕಡಿಮೆ ಒತ್ತಡದಲ್ಲಿ ಸೋಫಾ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ದೊಡ್ಡ ಪಂಪು ಇರುವುದನ್ನೇ ಕೊಳ್ಳುವುದಾದರೆ ಒತ್ತಡವನ್ನು ತಗ್ಗಿಸುವ ತಿರುಪು ಇದೆಯೇ ಎಂದು ಕೇಳಬೇಕು.

ಚಿಕ್ಕ ಯಂತ್ರಗಳಲ್ಲಿ ಸಾಮಾನ್ಯವಾಗಿ ಹೀಟರ್ ಇರುವುದಿಲ್ಲ, ಮನೆಯ ಗೀಸರಿನ ನೀರನ್ನು ತುಂಬಬೇಕು. ಎಷ್ಟು ಬಿಸಿಯವರೆಗೆ ತುಂಬಬಹುದು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಮಿತಿ ಮೀರಿದರೆ ಪಂಪಿನ ರಬ್ಬರು ಹಾಳಾಗುತ್ತದೆ. ನೈಲಾನ್, ಪಾಲಿಯೆಸ್ಟರ್‌ಗೆ ಬಿಸಿನೀರು ಸಹಾಯಕ. ಉಣ್ಣೆಗೆ ಉಗುರುಬೆಚ್ಚಗಿನ ನೀರು ಸಾಕು.

ಬಳಸುವ ಕ್ರಮ ಹೀಗೆ: ಮೊದಲು ದ್ರಾವಣವನ್ನು ಸಿಂಪಡಿಸಿ ಐದು ಹತ್ತು ನಿಮಿಷ ಬಿಡುವುದು, ಮೆದುವಾದ ಬ್ರಷ್ಷಿನಿಂದ ಕೆದಕುವುದು, ಬಳಿಕ ಶುದ್ಧ ನೀರಿನಿಂದ ತೊಳೆದು ಹೀರುವುದು. ನೀರು ಚಿಮ್ಮಿಸುತ್ತ ಒಮ್ಮೆ ಎಳೆದರೆ, ನೀರಿಲ್ಲದೆ ಕನಿಷ್ಠ ಎರಡು ಸಲ ಹೀರಬೇಕು. ಶಾಂಪೂ ಒಳಗೆ ಉಳಿದರೆ ಅದರ ಜಿಗುಟಿಗೆ ಹೊಸ ಧೂಳು ಅಂಟಿ, ತೊಳೆದ ಕಾರ್ಪೆಟ್ಟು ಬೇಗನೆ ಮೊದಲಿಗಿಂತ ಹೆಚ್ಚು ಕೊಳೆಯಾಗುತ್ತದೆ.

ತಿರುಗುವ ಬ್ರಷ್ ಮತ್ತು ಕಡಿಮೆ ನೀರಿನ ವಿಧಾನ

ನಮ್ಮಲ್ಲಿ ಅನೇಕ ಸಂಸ್ಥೆಗಳು ಬಳಸುವುದು ನೆಲ ಉಜ್ಜುವ ಒಂಟಿ ತಟ್ಟೆಯ ಯಂತ್ರವನ್ನು. ನೆಲಕ್ಕೂ ಕಾರ್ಪೆಟ್ಟಿಗೂ ಆಗುವುದೆಂಬುದು ಅದರ ಅನುಕೂಲ. ಆದರೆ ಅದು ಕೊಳೆಯನ್ನು ಎಬ್ಬಿಸುತ್ತದೆಯೇ ಹೊರತು ಹೊರತೆಗೆಯುವುದಿಲ್ಲ. ಅನನುಭವಿಯ ಕೈಯಲ್ಲಿ ಕುಚ್ಚುಗಳು ತಿರುಚಿ ಸುಳಿಗಳು ಮೂಡುತ್ತವೆ. ಕೈನೇಯ್ಗೆಯ ಉಣ್ಣೆಗೆ ಇದನ್ನು ಬಳಸದಿರುವುದೇ ಒಳ್ಳೆಯದು.

ಕಡಿಮೆ ನೀರಿನ 'ಎನ್‌ಕ್ಯಾಪ್ಸುಲೇಶನ್' ಎಂಬ ಇನ್ನೊಂದು ವಿಧಾನವಿದೆ. ಇದರ ದ್ರಾವಣದಲ್ಲಿರುವ ಪಾಲಿಮರ್ ಕೊಳೆಯನ್ನು ಸುತ್ತುವರಿದು, ಒಣಗಿದಾಗ ಪುಡಿಯಾದ ಹರಳಾಗುತ್ತದೆ. ಬಳಿಕ ವ್ಯಾಕ್ಯೂಮಿನಲ್ಲಿ ಅದನ್ನು ಎಳೆದುಬಿಡಬಹುದು. ಒಂದೆರಡು ಗಂಟೆಯಲ್ಲಿ ಕಾರ್ಪೆಟ್ ನಡೆಯಲು ಸಿದ್ಧ. ಕಚೇರಿಗಳ ಗಿಡ್ಡ ಕುಚ್ಚಿನ ಕಾರ್ಪೆಟ್ಟಿಗೆ ಇದು ತಕ್ಕದ್ದು. ಮಗು ಮೂತ್ರ ಮಾಡಿದ ಹಾಸಿಗೆಗೆ, ಎಣ್ಣೆ ಚೆಲ್ಲಿದ ಸೋಫಾಗೆ ತೊಳೆದು ಹೀರುವುದೇ ಸರಿಯಾದ ದಾರಿ.

ನೀರಿನ ಪ್ರಶ್ನೆಯೂ ಇಲ್ಲಿ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ತೀವ್ರವಾದಾಗ, ಕುಡಿಯುವ ನೀರಿನಿಂದ ವಾಹನ ತೊಳೆಯುವುದಕ್ಕೆ, ಕೈತೋಟಕ್ಕೆ ಬಳಸುವುದಕ್ಕೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸಿತ್ತು. ಅಂಥ ದಿನಗಳಲ್ಲಿ ಹತ್ತು ಲೀಟರಿನಲ್ಲಿ ಮುಗಿಯುವ ಕೆಲಸಕ್ಕೂ ನಲವತ್ತು ಲೀಟರು ಕೇಳುವ ಕೆಲಸಕ್ಕೂ ಮನೆಯವರ ಕಣ್ಣಿನಲ್ಲಿ ದೊಡ್ಡ ಅಂತರವಿದೆ. ಕೊಳವೆಬಾವಿಯ ಗಡಸು ನೀರು ಹೀಟರಿನಲ್ಲಿ, ಜೆಟ್ಟಿನಲ್ಲಿ ಸುಣ್ಣ ಕಟ್ಟುತ್ತದೆ. ಯಂತ್ರದ ತಯಾರಕರು ಒಪ್ಪುವುದಾದರೆ ಆಗಾಗ ನಿಂಬೆಹುಳಿಯ, ಅಂದರೆ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಹರಿಸಿ ಅದನ್ನು ಕರಗಿಸಬಹುದು.

ರಾಸಾಯನಿಕಗಳು: ಪಿಎಚ್ ಪಟ್ಟಿಯೂ ಒಂದು ಉಪಕರಣ

ಕೆಲವೇ ರೂಪಾಯಿಗೆ ಸಿಗುವ ಪಿಎಚ್ ಕಾಗದ ಈ ಕಸುಬಿನಲ್ಲಿ ಸಾವಿರಾರು ರೂಪಾಯಿಯನ್ನು ಉಳಿಸುತ್ತದೆ. ಎಣ್ಣೆ, ಜಿಡ್ಡಿಗೆ ಕ್ಷಾರೀಯ ದ್ರಾವಣ ಬೇಕು. ಆದರೆ ಗಾಢವಾದ ಕ್ಷಾರ ಉಣ್ಣೆಯನ್ನು ಹಾಳುಮಾಡುತ್ತದೆ, ಆದ್ದರಿಂದ ಉಣ್ಣೆಗೆ ತಟಸ್ಥಕ್ಕೆ ಹತ್ತಿರವಾದ ದ್ರಾವಣವೇ ಇರಲಿ. ಬಟ್ಟೆ ಬಿಳುಪಿಸುವ ಕ್ಲೋರಿನ್ ಬ್ಲೀಚ್ ಉಣ್ಣೆಯನ್ನೂ ರೇಷ್ಮೆಯನ್ನೂ ಕರಗಿಸಿಯೇ ಬಿಡುತ್ತದೆ. ಬ್ಲೀಚ್ ಮತ್ತು ಆಮ್ಲವನ್ನು ಎಂದಿಗೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಬಾಟಲಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಯಾರೂ ಅಪಾಯಕ್ಕೆ ಸಿಲುಕಬಾರದು. ಪ್ರತಿ ಬಾಟಲಿಗೂ ಕನ್ನಡದ ಚೀಟಿ ಬರೆದು ಅಂಟಿಸುವುದು ಐದು ನಿಮಿಷದ ಕೆಲಸ. ಕೈಗವಸು, ಕಣ್ಣಿನ ರಕ್ಷಣೆಗೆ ಕನ್ನಡಕ, ಯಂತ್ರದ ಸದ್ದಿಗೆ ಕಿವಿಯ ಬಿರಡೆ: ಇವನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಬೇಕು.

ವಿದ್ಯುತ್ತಿನ ಲೆಕ್ಕ

ನಮ್ಮ ಮನೆಗಳ ವೋಲ್ಟೇಜು 230. ಸಣ್ಣ ಪ್ಲಗ್ಗಿನ ಮಿತಿ 6 ಆಂಪಿಯರ್, ದೊಡ್ಡದರದ್ದು 16. ಗುಣಿಸಿದರೆ ಸಣ್ಣ ಪ್ಲಗ್ಗಿನಿಂದ 1,380 ವ್ಯಾಟ್, ದೊಡ್ಡದರಿಂದ 3,680 ವ್ಯಾಟ್ ಮಾತ್ರ ಸಿಗುತ್ತದೆ. ಕೊಟೇಶನ್ನಿನ ಯಂತ್ರದಲ್ಲಿ 1,200 ವ್ಯಾಟಿನ ಎರಡು ಮೋಟಾರು, 2,000 ವ್ಯಾಟಿನ ಹೀಟರ್, ಜೊತೆಗೆ ಪಂಪು. ಪಂಪನ್ನು ಬಿಟ್ಟರೂ ಒಟ್ಟು 4,400 ವ್ಯಾಟ್. ಒಂದು ಪ್ಲಗ್ ಇದನ್ನು ತಾಳದು. ಅದಕ್ಕಾಗಿಯೇ ಅದಕ್ಕೆ ಎರಡು ವೈರುಗಳಿದ್ದವು. ಎರಡನ್ನೂ ಒಂದೇ ಎಂಸಿಬಿಯ ಅಡಿಯ ಪ್ಲಗ್ಗುಗಳಿಗೆ ಸಿಕ್ಕಿಸಿದರೆ ಮನೆಯ ಕರೆಂಟು ಹೋಗುತ್ತದೆ. ಅಪರಿಚಿತರ ಮನೆಯಲ್ಲಿ ಎರಡು ಬೇರೆ ಬೇರೆ ಸಾಲಿನ ದೊಡ್ಡ ಪ್ಲಗ್ಗುಗಳನ್ನು ಹುಡುಕುವುದು ಪ್ರತಿದಿನದ ತಲೆನೋವು.

ವಿದೇಶದಿಂದ ಬಂದ ಹಳೆಯ ಯಂತ್ರಗಳು ಅಗ್ಗಕ್ಕೆ ಸಿಕ್ಕರೆ ಮೊದಲು ಅದರ ಹಿಂಬದಿಯ ಫಲಕವನ್ನು ನೋಡಿ. 110 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಿದ ಕ್ಷಣವೇ ಮೋಟಾರು ಸುಟ್ಟೀತು. ಎಕ್ಸ್‌ಟೆನ್ಶನ್ ವೈರು 2.5 ಚದರ ಮಿಲಿಮೀಟರ್ ತಾಮ್ರದ್ದಾಗಿರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ, ಇಲ್ಲವಾದರೆ ಸುರುಳಿಯ ಒಳಗೆ ಬಿಸಿ ಏರುತ್ತದೆ. ನೀರು ಮತ್ತು ವಿದ್ಯುತ್ತು ಜೊತೆಯಾಗಿರುವ ಕೆಲಸವಿದು. 30 ಮಿಲಿಆಂಪಿಯರಿನ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ ಇರುವ ಬೋರ್ಡನ್ನು ನಮ್ಮೊಂದಿಗೇ ಒಯ್ಯುವುದು ಜೀವರಕ್ಷಣೆಯ ಮಾತು.

ಒಣಗಿಸುವ ಫ್ಯಾನು

ತೊಳೆದ ವಸ್ತು 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುವ ಅಪಾಯವಿದೆ. ಅದೇ ದಿನ ಒಣಗುವಂತೆ ಮಾಡುವುದೇ ಒಳ್ಳೆಯ ಕೆಲಸಗಾರನ ಗುರುತು. ಇದಕ್ಕೆ ನೆಲಮಟ್ಟದಲ್ಲಿ ಗಾಳಿ ಬೀಸುವ ಬ್ಲೋವರ್ ಬೇಕು. ಸೊಲ್ಲಾಪುರ, ಜತ್ತ ಕಡೆಯ ಬೇಸಿಗೆಯಲ್ಲಿ ಇದರ ಅಗತ್ಯ ಬೀಳದಿರಬಹುದು. ಮಳೆಗಾಲದ ಕಾಸರಗೋಡು, ಮಂಗಳೂರುಗಳಲ್ಲಿ, ನೀಲಗಿರಿಯ ಚಳಿಯಲ್ಲಿ ಇದಿಲ್ಲದೆ ಕೆಲಸ ಒಪ್ಪಿಕೊಳ್ಳಬಾರದು. ಬ್ಲೋವರ್ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಇದ್ದ ಹಣವನ್ನೆಲ್ಲ ಎಕ್ಸ್‌ಟ್ರಾಕ್ಟರಿಗೆ ಸುರಿಯುವುದು ಹೊಸಬರ ಸಾಮಾನ್ಯ ತಪ್ಪು.

ಸಾಲ ಮತ್ತು ಗಡಿಯ ಲೆಕ್ಕ

ವರ್ಷಕ್ಕೆ ಶೇ. 12ರ ಬಡ್ಡಿ, ಮೂರು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಒಂದು ಲಕ್ಷಕ್ಕೆ ತಿಂಗಳ ಕಂತು 3,321 ರೂಪಾಯಿ. ಮೂರು ಲಕ್ಷಕ್ಕೆ 9,964 ರೂಪಾಯಿ. ಪೆಟ್ರೋಲು, ರಾಸಾಯನಿಕ, ಸಹಾಯಕನ ಕೂಲಿ ಕಳೆದು ಒಂದು ಕೆಲಸದಲ್ಲಿ 600 ರೂಪಾಯಿ ಉಳಿಯುತ್ತದೆಂದರೆ, ಮೊದಲನೆಯ ಸಾಲಕ್ಕೆ ತಿಂಗಳಿಗೆ 6 ಕೆಲಸ ಬೇಕು, ಎರಡನೆಯದಕ್ಕೆ 17. ಮನೆಗೆ ಅಕ್ಕಿ ತರುವ ಹಣ ಹುಟ್ಟುವುದು ಅದರ ನಂತರ. ಇನ್ನೂ ಗಿರಾಕಿಗಳಿಲ್ಲದವನಿಗೆ ಈ 6 ಮತ್ತು 17ರ ನಡುವಿನ ಅಂತರವೇ ನಿರ್ಣಾಯಕ.

ಒಡವೆ ಅಡವಿಡುವ ಮುನ್ನ ಬ್ಯಾಂಕಿನಲ್ಲಿ ಮುದ್ರಾ ಸಾಲವನ್ನು ವಿಚಾರಿಸಬೇಕು. 'ಶಿಶು' ವಿಭಾಗದಲ್ಲಿ 50,000 ರೂಪಾಯಿಯವರೆಗೆ, 'ಕಿಶೋರ್' ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಪಡೆಯಲು ಅವಕಾಶವಿದೆ.

ಗಡಿಯವರು ಕೇಳುವ ಇನ್ನೊಂದು ಪ್ರಶ್ನೆ ಜಿಎಸ್‌ಟಿಯದು. ತಮಿಳುನಾಡಿನಲ್ಲಿ ನೆಲೆಸಿ ಕರ್ನಾಟಕದ ಮನೆಗಳಲ್ಲಿ ಕೆಲಸ ಮಾಡುವುದು ಅಂತರರಾಜ್ಯ ಸೇವೆ, ಆದ್ದರಿಂದ ಮೊದಲ ದಿನದಿಂದಲೇ ನೋಂದಣಿ ಕಡ್ಡಾಯ ಎಂದು ಹೆದರಿಸುವವರಿದ್ದಾರೆ. 2017ರ ಅಕ್ಟೋಬರಿನಿಂದ, ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವಾದಾರರಿಗೆ ಅಂತರರಾಜ್ಯ ಸೇವೆಯಲ್ಲಿಯೂ ನೋಂದಣಿಯಿಂದ ವಿನಾಯಿತಿ ಇದೆ. ಆದರೆ ಯಂತ್ರ ಸಾಗಿಸಲು ಸರಕು ವಾಹನ ಕೊಳ್ಳುವುದಾದರೆ ಎರಡೂ ರಾಜ್ಯಗಳ ತೆರಿಗೆ, ಪರವಾನಿಗೆಗಳನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಹನ್ನೊಂದು ಹನ್ನೆರಡು ಕಿಲೋ ತೂಕದ ಯಂತ್ರ ಸ್ಕೂಟರಿನ ಮೇಲೆಯೇ ಹೋಗುತ್ತದೆ. ಐವತ್ತು ಕಿಲೋದ್ದು ಹೋಗದು. ಯಂತ್ರದ ತೂಕದೊಂದಿಗೆ ವಾಹನದ ಖರ್ಚೂ ಬೆಳೆಯುತ್ತದೆ.

ಮಾರಾಟಗಾರನನ್ನು ಕೇಳಬೇಕಾದ ಪ್ರಶ್ನೆಗಳು

1. ಹೀರುವ ಮೋಟಾರಿಗೆ ಬೇರೆಯೇ ತಂಪುಗಾಳಿಯ ದಾರಿ ಇದೆಯೇ? ತೊಟ್ಟಿ ತುಂಬಿದಾಗ ಅಥವಾ ನೊರೆ ಎದ್ದಾಗ ನೀರು ಮೋಟಾರಿಗೆ ಹೋಗದಂತೆ ತಡೆಯುವ ವ್ಯವಸ್ಥೆ ಏನು?
2. ಕಾರ್ಬನ್ ಬ್ರಷ್, ಪಂಪಿನ ರಬ್ಬರು, ಜೆಟ್, ಪೈಪು ಬಿಡಿಯಾಗಿ ಸಿಗುತ್ತವೆಯೇ? ಎಲ್ಲಿ, ಎಷ್ಟು ದಿನದಲ್ಲಿ?
3. ಸೋಫಾದ ಕಿರಿದಾದ ಮೂತಿ ಬೆಲೆಯಲ್ಲಿ ಸೇರಿದೆಯೇ?
4. ವಾರಂಟಿಯಲ್ಲಿ ಮೋಟಾರು ಮತ್ತು ಪಂಪು ಎರಡೂ ಸೇರಿವೆಯೇ? ರಿಪೇರಿಗೆ ಬೆಂಗಳೂರಿಗೆ ಒಯ್ಯಬೇಕೇ, ಅವರೇ ಬರುತ್ತಾರೆಯೇ?
5. ನಮ್ಮ ಮನೆಯ ಹಳೆಯ ಸೋಫಾದ ಮೇಲೆ, ನಮ್ಮ ಮನೆಯ ಪ್ಲಗ್ಗಿನಲ್ಲಿ ಚಾಲನೆ ಮಾಡಿ ತೋರಿಸುವಿರಾ?

ಐದನೆಯದಕ್ಕೆ ಹಿಂಜರಿಯುವವರ ಬಳಿ ಕೊಳ್ಳದಿರುವುದೇ ಕ್ಷೇಮ. ಅಂಗಡಿಯ ಪ್ರದರ್ಶನದ ತುಣುಕು ಕಾರ್ಪೆಟ್ಟಿನ ಮೇಲೆ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಕಾಣುತ್ತವೆ.

ಕೊನೆಯದೊಂದು ಮಾತು. ಕೊಳೆನೀರನ್ನು ಬಾಲ್ಕನಿಯ ಮಳೆನೀರಿನ ಕೊಳವೆಗೆ, ಹೂಕುಂಡಕ್ಕೆ ಸುರಿಯಬಾರದು. ನೂಲುಕಸವನ್ನು ಸೋಸಿ, ಮನೆಯವರನ್ನು ಕೇಳಿ, ಶೌಚಾಲಯದಲ್ಲಿ ಸುರಿಯಬೇಕು. ಗಿರಾಕಿ ಎರಡನೆಯ ಸಲ ಕರೆಯುವುದು ಇಂಥ ಸಣ್ಣ ಶಿಸ್ತುಗಳನ್ನು ನೋಡಿ.

ನನ್ನ ವಿದ್ಯಾರ್ಥಿ ಆ ದಿನ ಸಹಿ ಹಾಕಲಿಲ್ಲ. ಎರಡು ವಾರದ ಬಳಿಕ ಮತ್ತೆ ಬಂದಾಗ ಮೂರು ಅಂಗಡಿಗಳ ಉತ್ತರಗಳನ್ನು ನೋಟುಪುಸ್ತಕದಲ್ಲಿ ಬರೆದು ತಂದಿದ್ದ. ವ್ಯಾಕ್ಯೂಮ್, ಚಿಕ್ಕ ಎಕ್ಸ್‌ಟ್ರಾಕ್ಟರ್, ಒಂದು ಬ್ಲೋವರ್, ಆರ್‌ಸಿಸಿಬಿ ಬೋರ್ಡು ಎಲ್ಲವೂ ಸೇರಿ ಒಂದು ಲಕ್ಷದೊಳಗೆ ಬರುವ ಪಟ್ಟಿ. ಬ್ಯಾಂಕಿನ ಅರ್ಜಿಯನ್ನು ಇಬ್ಬರೂ ಕುಳಿತು ತುಂಬಿದೆವು. ಸಾಲ ಮಂಜೂರಾಗುವುದನ್ನು ಈಗ ಕಾಯುತ್ತಿದ್ದಾನೆ. ಒಡವೆ ತಾಯಿಯ ಬಳಿಯೇ ಇದೆ.

ಆ ನೋಟುಪುಸ್ತಕದ ಕೊನೆಯ ಪುಟದಲ್ಲಿ ಯಂತ್ರದ ಪ್ರತಿಯೊಂದು ಭಾಗದ ಹೆಸರನ್ನೂ, ಅದರ ಕೆಲಸವನ್ನೂ ಕನ್ನಡದಲ್ಲಿ ಬರೆದುಕೊಂಡಿದ್ದ. "ಇನ್ನೊಬ್ಬ ಹುಡುಗನ್ನ ಕೆಲಸಕ್ಕೆ ಇಟ್ಕೊಂಡಾಗ ಅವನಿಗೆ ಹೇಳಿಕೊಡಬೇಕಲ್ಲ ಸಾರ್" ಎಂದ. ಆರು ವರ್ಷದ ಹಿಂದೆ ಇವನಿಗೆ ಅಂಥದೊಂದು ಪುಟ ಸಿಕ್ಕಿದ್ದರೆ ನಾಲ್ಕು ತಿಂಗಳ ಸಂಬಳ ಉಳಿಯುತ್ತಿತ್ತು.